ಹಳೆ ಎಲೆಕ್ಟ್ರಿಕ್ ಗಿಟಾರ್‌ಗೆ ಮನೆಯಲ್ಲೇ ಮರುಬಣ್ಣ: ಕೆರೆಯುವ ಮುನ್ನ ತಿಳಿಯಬೇಕಾದುದು

ಬಣ್ಣ ಮಾಸಿ ಅಲ್ಲಲ್ಲಿ ಚಕ್ಕೆ ಎದ್ದ ಹಳೆಯ ಎಲೆಕ್ಟ್ರಿಕ್ ಗಿಟಾರನ್ನು ಮನೆಯಲ್ಲೇ ಬಿಚ್ಚಿ, ಹೊಸ ಬಣ್ಣ ಬಳಿದು, ಒಳಗಿನ ವಿದ್ಯುತ್ ಭಾಗಗಳನ್ನು ಬದಲಿಸುವುದು ಅಮೆರಿಕ, ಬ್ರಿಟನ್‌ಗಳಲ್ಲಿ ಹಲವು ದಶಕಗಳಿಂದ ನಡೆದುಬಂದಿರುವ ಹವ್ಯಾಸ. ವಾದ್ಯದ ರಚನೆಯೇ ಇದಕ್ಕೆ ಅನುಕೂಲವಾಗಿದೆ. ಅಕೌಸ್ಟಿಕ್ ಗಿಟಾರ್‌ನಂತೆ ಇದರ ಒಡಲು ಸಾಮಾನ್ಯವಾಗಿ ಟೊಳ್ಳಲ್ಲ, ಗಟ್ಟಿ ಮರದ ಹಲಗೆ. ಲಿಯೋ ಫೆಂಡರ್ 1950ರಲ್ಲಿ ಹೊರತಂದ, ಮುಂದೆ ಟೆಲಿಕಾಸ್ಟರ್ ಎಂದು ಹೆಸರಾದ ಮಾದರಿಯಲ್ಲಿ ಹಾಗೂ 1954ರ ಸ್ಟ್ರಾಟೋಕಾಸ್ಟರ್‌ನಲ್ಲಿ ಕತ್ತನ್ನು ಅಂಟಿಸದೆ ನಾಲ್ಕು ಸ್ಕ್ರೂಗಳಿಂದ ಜೋಡಿಸಲಾಗಿತ್ತು. ಸ್ಕ್ರೂಡ್ರೈವರ್ ಒಂದಿದ್ದರೆ ಇಡೀ ವಾದ್ಯವನ್ನು ಮೇಜಿನ ಮೇಲೆ ಹರಡಬಹುದು.

ಖ್ಯಾತನಾಮರೇ ಈ ಕೆಲಸಕ್ಕೆ ಕೈಹಾಕಿದ್ದುಂಟು. ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ 1967ರಲ್ಲಿ ತಮ್ಮ ತಿಳಿನೀಲಿ ಸ್ಟ್ರಾಟೋಕಾಸ್ಟರ್ ಮೇಲೆ ಹೊಳೆಯುವ ಬಣ್ಣಗಳನ್ನು ತಾವೇ ಬಳಿದರು. ತುದಿಭಾಗಕ್ಕೆ ಬಳಸಿದ್ದು ಪತ್ನಿಯ ಉಗುರುಬಣ್ಣ! ಎಡ್ಡಿ ವ್ಯಾನ್ ಹೇಲನ್ 1970ರ ದಶಕದಲ್ಲಿ 50 ಡಾಲರ್‌ನ ಒಡಲಿಗೆ 80 ಡಾಲರ್‌ನ ಕತ್ತು ಜೋಡಿಸಿ, ಗಿಬ್ಸನ್ ಗಿಟಾರೊಂದರ ಪಿಕಪ್ ಕೂರಿಸಿ, ಟೇಪ್ ಸುತ್ತಿ ಸ್ಪ್ರೇ ಬಣ್ಣ ಹೊಡೆದರು. ಎರಿಕ್ ಕ್ಲಾಪ್ಟನ್ ಮೂರು ಹಳೆ ಸ್ಟ್ರಾಟೋಕಾಸ್ಟರ್‌ಗಳ ಬಿಡಿಭಾಗಗಳಿಂದ ಕಟ್ಟಿಕೊಂಡ ‘ಬ್ಲ್ಯಾಕಿ’ 2004ರ ಹರಾಜಿನಲ್ಲಿ 9,59,500 ಡಾಲರ್‌ಗೆ ಮಾರಾಟವಾಯಿತು.

ಆದರೆ ಆ ಬೆಲೆ ಬಂದದ್ದು ನುಡಿಸಿದವರ ಹೆಸರಿಗೆ. ಸಾಮಾನ್ಯರ ಕೈಯಲ್ಲಿರುವ ಹಳೆ ಗಿಟಾರ್‌ಗೆ ಮೂಲ ಬಣ್ಣವೇ ಆಸ್ತಿ. ಮರುಬಣ್ಣ ಕಂಡ ವಾದ್ಯಕ್ಕೆ ಹೆಚ್ಚುಕಡಿಮೆ ಅರ್ಧ ಬೆಲೆ ಎಂಬುದು ಹಳೆ ಗಿಟಾರ್ ವ್ಯಾಪಾರಿಗಳ ರೂಢಿಯ ಲೆಕ್ಕ. ಒಮ್ಮೆ ಕೆರೆದ ಲೇಪವನ್ನು ಮರಳಿ ತರುವ ವಿಧಾನವಿಲ್ಲ. ಆದ್ದರಿಂದ ಮೊದಲ ಕೆಲಸ ವಾದ್ಯದ ವಯಸ್ಸು ಪತ್ತೆಹಚ್ಚುವುದು. ಸರಣಿ ಸಂಖ್ಯೆಯ ಜೊತೆಗೆ, ಕತ್ತಿನ ಬುಡದಲ್ಲಿ ಬರೆದ ಅಥವಾ ಒತ್ತಿದ ದಿನಾಂಕ ಸಿಗಬಹುದು. ಅಮೆರಿಕದ ಹಳೆ ಗಿಟಾರ್‌ಗಳಲ್ಲಿ ಧ್ವನಿ ನಿಯಂತ್ರಿಸುವ ಪೊಟೆನ್ಷಿಯೋಮೀಟರ್ ಮೇಲಿನ ಅಂಕಿಗಳೂ ಸುಳಿವು ನೀಡುತ್ತವೆ. 1376612 ಎಂದಿದ್ದರೆ 137 ತಯಾರಕರ ಸಂಕೇತ, 66 ಎಂದರೆ 1966, 12 ಎಂದರೆ ಆ ವರ್ಷದ ಹನ್ನೆರಡನೇ ವಾರ. ಅದಕ್ಕೂ ಮುನ್ನ ಆ ಭಾಗ ತಯಾರಾಗಿರಲಾರದು ಎಂದಷ್ಟೇ ಇದರ ಅರ್ಥ. ಭಾಗವನ್ನು ನಂತರ ಯಾರಾದರೂ ಬದಲಿಸಿರಲೂಬಹುದು. ಇತ್ತೀಚಿನ ದಶಕಗಳ ಅಗ್ಗದ, ಪ್ಲೈವುಡ್ ಒಡಲಿನ ಗಿಟಾರ್ ಆಗಿದ್ದರೆ ಇಷ್ಟೆಲ್ಲ ಯೋಚನೆ ಬೇಕಿಲ್ಲ. ಕಲಿಕೆಗೆ ಅದೇ ಸೂಕ್ತ.

<b>ಲೇಪ ಯಾವುದು?</b>

1950, 60ರ ದಶಕಗಳಲ್ಲಿ ನೈಟ್ರೋಸೆಲ್ಯುಲೋಸ್ ಲ್ಯಾಕರ್ ಬಳಕೆ ವ್ಯಾಪಕವಾಗಿತ್ತು. ಫೆಂಡರ್ ಕಂಪನಿಯ ವಿಶೇಷ ಬಣ್ಣಗಳು ಡ್ಯೂಪಾಂಟ್‌ನ ಕಾರು ಬಣ್ಣಗಳ ಪಟ್ಟಿಯಿಂದ ಬಂದವು. ನಮ್ಮ ಗ್ಯಾರೇಜುಗಳಲ್ಲಿ, ಪೀಠೋಪಕರಣದ ಅಂಗಡಿಗಳಲ್ಲಿ ಇಂದಿಗೂ ಕೇಳಿಬರುವ ‘ಡ್ಯೂಕೋ’ ಎಂಬುದು ಅದೇ ಕಂಪನಿಯ ಲ್ಯಾಕರ್‌ನ ಹೆಸರು. 1960ರ ದಶಕದ ಕೊನೆಗೆ ದಪ್ಪನೆಯ, ಗಟ್ಟಿಯಾದ ಪಾಲಿಯೆಸ್ಟರ್ ಲೇಪ ಬಂದಿತು. ಪಿಕಪ್ ಕೂರುವ ಗುಳಿಯ ಮರೆಯಲ್ಲಿ ಅಸಿಟೋನ್ ಒಂದು ಹನಿ ತಾಗಿಸಿದರೆ ನೈಟ್ರೋ ಮೆತ್ತಗಾಗುತ್ತದೆ, ಪಾಲಿಯೆಸ್ಟರ್ ಜಗ್ಗುವುದಿಲ್ಲ.

ಪಾಲಿಯೆಸ್ಟರ್ ತೆಗೆಯಲು ಹೀಟ್ ಗನ್ ಮತ್ತು ತಗಡಿನ ಕೆರೆಯುವ ಪಟ್ಟಿ ಬೇಕು. ಒಂದೇ ಕಡೆ ಶಾಖ ಹಿಡಿದರೆ ಮರ ಕರಕಲಾಗುತ್ತದೆ, ಹಲಗೆಗಳನ್ನು ಕೂಡಿಸಿದ ಅಂಟು ಸಡಿಲವಾಗುವ ಅಪಾಯವೂ ಇದೆ. ಹಳೆ ಲೇಪ ಬಿಗಿಯಾಗಿದ್ದರೆ ಅದನ್ನು ಪೂರ್ತಿ ಕೀಳುವ ಅಗತ್ಯವೇ ಇಲ್ಲ. 320ರ ಸ್ಯಾಂಡ್ ಪೇಪರ್‌ನಿಂದ ಹೊಳಪು ಮುರಿದು, ಅದರ ಮೇಲೆಯೇ ಹೊಸ ಬಣ್ಣ ಹೊಡೆಯುವುದು ಸುಲಭ, ಸುರಕ್ಷಿತ. ಹಳೆ ಬಣ್ಣದಲ್ಲಿ ಸೀಸ ಇರಬಹುದಾದ್ದರಿಂದ ದೂಳು ತಡೆಯುವ ಮಾಸ್ಕ್ ಕಡ್ಡಾಯ.

ಆಶ್, ಮಹಾಗನಿ ಮರಗಳ ರಂಧ್ರಗಳನ್ನು ಫಿಲ್ಲರ್‌ನಿಂದ ತುಂಬಿದ ಬಳಿಕವೇ ಬಣ್ಣ. ದಪ್ಪಗೆ ಒಮ್ಮೆಲೇ ಬಳಿದರೆ ಸೋರಿ ಗೆರೆ ಬೀಳುತ್ತದೆ. ತೆಳು ಪದರಗಳೇ ಲೇಸು. ಕರಾವಳಿಯಲ್ಲಿ, ಅದರಲ್ಲೂ ಮಳೆಗಾಲದಲ್ಲಿ, ಗಾಳಿಯ ತೇವ ಲ್ಯಾಕರ್‌ನೊಳಗೆ ಸಿಕ್ಕಿಕೊಂಡು ಮೇಲ್ಮೈ ಹಾಲಿನಂತೆ ಬೆಳ್ಳಗಾಗುವುದುಂಟು. ಒಣಹವೆಯ ದಿನಕ್ಕೆ ಕಾಯುವುದು ಲೇಸು. ನೈಟ್ರೋ ಪೂರ್ತಿ ಗಟ್ಟಿಯಾಗಲು ವಾರಗಳೇ ಬೇಕು. ಅದರ ಆವಿ ಬೇಗ ಹೊತ್ತಿಕೊಳ್ಳುವಂಥದ್ದು. ಒಲೆ, ಗೀಸರ್ ಇರುವ ಕಡೆ ಸಿಂಪಡಿಸಲೇಬಾರದು. ಗಟ್ಟಿಕಾರಕ ಬೆರೆಸುವ ಎರಡು ಘಟಕಗಳ ಪಿಯು ಲೇಪದಲ್ಲಿ ಐಸೋಸಯನೇಟ್ ಇರುತ್ತದೆ. ಅದು ಆಸ್ತಮಾ ತರಬಲ್ಲದು. ಫ್ಲ್ಯಾಟಿನ ಬಾಲ್ಕನಿಯಲ್ಲಿ ಮಾಡುವ ಕೆಲಸ ಅದಲ್ಲ.

<b>ಒಳಗಿನ ಬದಲಾವಣೆ</b>

ನಾದ ಬದಲಾಗಬೇಕೆಂಬುದೇ ಉದ್ದೇಶವಾದರೆ ಬಣ್ಣಕ್ಕಿಂತ ಪಿಕಪ್‌ನತ್ತ ಗಮನ ಹರಿಸುವುದು ಜಾಣತನ. ವಿದ್ಯುತ್ ಭಾಗಗಳ ಬದಲಾವಣೆಯನ್ನು ಬೇಕೆಂದಾಗ ಹಿಂತೆಗೆದುಕೊಳ್ಳಲೂಬಹುದು. ಒಂದೇ ಸುರುಳಿಯ ಪಿಕಪ್‌ಗೆ ಸಾಮಾನ್ಯವಾಗಿ 250 ಕಿಲೋ ಓಮ್, ಎರಡು ಸುರುಳಿಯ ಹಂಬಕರ್‌ಗೆ 500 ಕಿಲೋ ಓಮ್ ಪೊಟೆನ್ಷಿಯೋಮೀಟರ್ ಹೊಂದುತ್ತದೆ. ಹಂಬಕರ್‌ಗಾಗಿ ಒಡಲನ್ನು ಕೊರೆದರೆ ಮಾತ್ರ ಅದು ಶಾಶ್ವತ ಗಾಯ. ಒಂಟಿ ಸುರುಳಿಯ ಜಾಗದಲ್ಲೇ ಕೂರುವ ಹಂಬಕರ್‌ಗಳು ಸಿಗುತ್ತವೆ. ಬೆಸುಗೆ ಬಿಡಿಸುವ ಮುನ್ನ ತಂತಿಗಳ ಛಾಯಾಚಿತ್ರ ತೆಗೆದಿಟ್ಟುಕೊಳ್ಳಬೇಕು; ತೆಗೆದ ಪ್ರತಿ ಭಾಗವನ್ನೂ ಪೊಟ್ಟಣ ಕಟ್ಟಿಡಬೇಕು. ಮುಂದೆ ಕೊಳ್ಳುವವರು ಮೊದಲು ಕೇಳುವುದು ಅದನ್ನೇ.

ಮರುಜೋಡಣೆಯಲ್ಲಿ ಎರಡು ತೊಡಕು ಸಾಮಾನ್ಯ. ಕತ್ತು ಕೂರುವ ಗುಳಿಯೊಳಗೆ ಬಣ್ಣ ದಪ್ಪಗಾಗಿದ್ದರೆ ಕತ್ತು ಸರಿಯಾಗಿ ಇಳಿಯದು. ಒತ್ತಿದರೆ ಹೊಸ ಲೇಪ ಬಿರಿಯುತ್ತದೆ. ಸೇತುವೆಗೆ ಹೋಗುವ ಅರ್ಥ್ ತಂತಿಯ ತುದಿ ಬಣ್ಣದಡಿ ಮುಚ್ಚಿಹೋದರೆ ಸ್ಪೀಕರ್‌ನಲ್ಲಿ ಗುಂಯ್‌ಗುಡುವಿಕೆ ಹೆಚ್ಚುತ್ತದೆ. ತಂತಿಗಳನ್ನು ಬಿಗಿದ ಮೇಲೆ ಹನ್ನೆರಡನೇ ಫ್ರೆಟ್‌ನಲ್ಲಿ ಒತ್ತಿ ಮೀಟಿದ ಸ್ವರ, ಅಲ್ಲಿಯೇ ಹಗುರವಾಗಿ ಸ್ಪರ್ಶಿಸಿ ಹೊರಡಿಸಿದ ಸ್ವರಕ್ಕೆ ಸರಿಹೊಂದುವವರೆಗೆ ಸೇತುವೆಯ ಸ್ಕ್ರೂಗಳನ್ನು ತಿರುಗಿಸುವುದು ಕೊನೆಯ ಹಂತ.