ವೈದ್ಯಕೀಯ ಸಂಶೋಧನೆಗೆ ಖಾಸಗಿ ದತ್ತಿ: ಮುಂಬಯಿ, ತುರ್ಭೆ, ಖಾರ್ಘರ್

ಮದ್ದು ಸಿಗುತ್ತದೋ ಇಲ್ಲವೋ ಎಂಬುದೇ ತಿಳಿಯದ ಆರಂಭದ ಹಂತದ ವೈದ್ಯಕೀಯ ಸಂಶೋಧನೆಗೆ ಖಾಸಗಿಯವರು ಲೆಕ್ಕಪತ್ರದ ಕಟ್ಟುಪಾಡಿನೊಡನೆ ಕೊಡುವ ಮಧ್ಯಮ ಗಾತ್ರದ ದೇಣಿಗೆ ಇಲ್ಲಿನ ವಿಷಯ. ಒಬ್ಬ ಸಂಶೋಧಕನ ಕೆಲವು ವರ್ಷದ ಸಂಬಳ ಮತ್ತು ಪ್ರಯೋಗಾಲಯದ ಖರ್ಚು ಇದರ ಸ್ಥೂಲ ಅಳತೆ. ಭಾರತದಲ್ಲಿ ಇದರ ಕಥೆ ಬಹುಮಟ್ಟಿಗೆ ಮುಂಬಯಿಯದು. ಅದರ ಇಂದಿನ ನೆಲೆ ನವಿ ಮುಂಬಯಿಯ ಖಾರ್ಘರ್. ಕೈಗಾರಿಕಾ ಪ್ರದೇಶವೂ ಮಾರುಕಟ್ಟೆಯೂ ಇರುವ ತುರ್ಭೆಯಿಂದ ಪನವೇಲ್ ಕಡೆಗೆ ಹೋಗುವ ರೈಲುದಾರಿಯಲ್ಲೇ ಅದು ಇದೆ.

1896ರಲ್ಲಿ ಮುಂಬಯಿಗೆ ಪ್ಲೇಗ್ ಬಂದಾಗ ವಿಜ್ಞಾನಿ ವಾಲ್ಡೆಮಾರ್ ಹಾಫ್‌ಕಿನ್ ಲಸಿಕೆ ತಯಾರಿಸಿ 1897ರ ಜನವರಿಯಲ್ಲಿ ಮೊದಲು ತಮ್ಮ ಮೈಗೇ ಚುಚ್ಚಿಕೊಂಡರು. ಮೂರನೆಯ ಆಗಾ ಖಾನ್ ತಮ್ಮ ಖುಷ್ರು ಲಾಡ್ಜ್ ಬಂಗಲೆಯನ್ನು ಪ್ರಯೋಗಾಲಯಕ್ಕೆ ಬಿಟ್ಟುಕೊಟ್ಟರು. ಇದು ಆಪತ್ಕಾಲದಲ್ಲಿ ಕೈಹಿಡಿದ ಕೊಡುಗೆ. ವರ್ಷದಿಂದ ವರ್ಷಕ್ಕೆ ಅರ್ಜಿ ಕರೆದು, ತೂಗಿ ನೋಡಿ ಹಣ ಕೊಡುವ ಪದ್ಧತಿ ಬಂದದ್ದು ಆಮೇಲೆ.

ಆ ಪದ್ಧತಿಯ ಹಿಂದೆ ಮೈಸೂರು ಸಂಸ್ಥಾನದಲ್ಲಿ ಬೆಳೆದ ಹೆಣ್ಣುಮಗಳೊಬ್ಬಳ ಸಾವಿದೆ. ಮೆಹರ್‌ಬಾಯಿಯ ತಂದೆ ಎಚ್. ಜೆ. ಭಾಭಾ ಮೈಸೂರಿನ ವಿದ್ಯಾ ಇಲಾಖೆಯ ಮುಖ್ಯಸ್ಥರಾಗಿದ್ದವರು. 1898ರಲ್ಲಿ ಆಕೆ ಜಮಶೇಟ್‌ಜಿ ಟಾಟಾರ ಹಿರಿಯ ಮಗ ದೊರಾಬ್‌ಜಿಯನ್ನು ಮದುವೆಯಾದರು. 1931ರ ಜೂನ್‌ನಲ್ಲಿ ರಕ್ತದ ಕ್ಯಾನ್ಸರ್‌ನಿಂದ ವೇಲ್ಸ್‌ನಲ್ಲಿ ತೀರಿಕೊಂಡರು. ಆಗ ಆ ರೋಗಕ್ಕೆ ಮದ್ದೇ ಇರಲಿಲ್ಲ. ಎಷ್ಟು ಸಿರಿವಂತಿಕೆ ಇದ್ದರೂ ಕೊಳ್ಳಲು ಏನೂ ಇರಲಿಲ್ಲ. ದೊರಾಬ್‌ಜಿ 1932ರ ಏಪ್ರಿಲ್‌ನಲ್ಲಿ ಲೇಡಿ ಟಾಟಾ ಸ್ಮಾರಕ ಟ್ರಸ್ಟ್ ಸ್ಥಾಪಿಸಿದರು. ಜೂನ್‌ನಲ್ಲಿ ಅವರೂ ಇಲ್ಲವಾದರು. ಟ್ರಸ್ಟ್‌ನ ಆದಾಯದಲ್ಲಿ ಐದರಲ್ಲಿ ನಾಲ್ಕು ಪಾಲು ರಕ್ತಕ್ಯಾನ್ಸರ್ ಕುರಿತು ಜಗತ್ತಿನ ಯಾವ ದೇಶದಲ್ಲಿ ನಡೆಯುವ ಸಂಶೋಧನೆಗೂ ಸಲ್ಲಬಹುದು. ಉಳಿದ ಒಂದು ಪಾಲು ಭಾರತದಲ್ಲಿ ರೋಗಸಂಕಟ ತಗ್ಗಿಸುವ ವಿಜ್ಞಾನಕ್ಕೆ ಮೀಸಲು. ಪರಾಧೀನ ದೇಶದ ದತ್ತಿಯೊಂದು ಯುರೋಪಿನ ಪ್ರಯೋಗಾಲಯಗಳಿಗೂ ನೆರವಾಗಲು ಮುಂದಾದದ್ದು ಅಸಾಧಾರಣ ಔದಾರ್ಯ. ವಿದೇಶಿ ನೆರವಿನ ಅರ್ಜಿಗಳನ್ನು ಲಂಡನ್ನಿನ ವೈಜ್ಞಾನಿಕ ಸಲಹಾ ಸಮಿತಿ ಪರಿಶೀಲಿಸುತ್ತದೆ; ಯಾರಿಗೆ ಕೊಡಬೇಕೆಂಬುದನ್ನು ದಾನಿಯ ಮರ್ಜಿಗೆ ಬಿಡದೆ ವಿಷಯ ಬಲ್ಲವರಿಗೆ ಒಪ್ಪಿಸಿದ ಈ ಏರ್ಪಾಡೇ ಟ್ರಸ್ಟ್‌ನ ನಿಜವಾದ ಸಾಧನೆ. ಅಮೆರಿಕದಲ್ಲಿ ಯುವ ವಿಜ್ಞಾನಿಗಳಿಗೆ ಕ್ಯಾನ್ಸರ್ ಫೆಲೋಶಿಪ್ ಕೊಡುವ ಡೇಮನ್ ರನ್ಯನ್ ನಿಧಿ ಹುಟ್ಟಿದ್ದು ಇದಾದ ಎಷ್ಟೋ ವರ್ಷಗಳ ಮೇಲೆ, 1946ರಲ್ಲಿ.

ಮೆಹರ್‌ಬಾಯಿಯ ನೆನಪಿನದೇ ಆದ ಟಾಟಾ ಸ್ಮಾರಕ ಆಸ್ಪತ್ರೆ, ದೊರಾಬ್‌ಜಿ ಟಾಟಾ ಟ್ರಸ್ಟ್ ಎಂಬ ಇನ್ನೊಂದು ದತ್ತಿಯ ಹಣದಿಂದ 1941ರ ಫೆಬ್ರವರಿ 28ರಂದು ಪರೇಲ್‌ನಲ್ಲಿ ತೆರೆಯಿತು. ಅಲ್ಲಿ ರೋಗಶಾಸ್ತ್ರಜ್ಞರಾಗಿದ್ದ ವಿ. ಆರ್. ಖಾನೋಲ್ಕರ್ 1952ರಲ್ಲಿ ಭಾರತೀಯ ಕ್ಯಾನ್ಸರ್ ಸಂಶೋಧನಾ ಕೇಂದ್ರ ಕಟ್ಟಿದರು. ಕಮಲ್ ರಣದಿವೆ ಅಲ್ಲಿ ಅಂಗಾಂಶ ಕೃಷಿಯ ಪ್ರಯೋಗಾಲಯ ಬೆಳೆಸಿದರು. ಆಸ್ಪತ್ರೆ 1957ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯಕ್ಕೂ 1962ರಲ್ಲಿ ಅಣುಶಕ್ತಿ ಇಲಾಖೆಗೂ ಸೇರಿತು. ಆ ಇಲಾಖೆಯ ಆಗಿನ ಮುಖ್ಯಸ್ಥ ಹೋಮಿ ಭಾಭಾ ಮೆಹರ್‌ಬಾಯಿಯ ಸೋದರನ ಮಗ. 1966ರಲ್ಲಿ ಆಸ್ಪತ್ರೆ ಮತ್ತು ಸಂಶೋಧನಾ ಸಂಸ್ಥೆ ಟಾಟಾ ಸ್ಮಾರಕ ಕೇಂದ್ರವಾಗಿ ಒಂದಾದವು. ಖಾಸಗಿ ಹಣ ಶುರುಮಾಡಿದ್ದನ್ನು ಸರ್ಕಾರದ ಹಣ ಬದುಕಿಸಿತು. ದೊರಾಬ್‌ಜಿ ಟಾಟಾ ಟ್ರಸ್ಟ್ ಎಷ್ಟು ಉದಾರವಾಗಿದ್ದರೂ ಇಡೀ ದೇಶದ ರೋಗಿಗಳ ಭಾರವನ್ನು ಅದೊಂದೇ ಹೊರಲು ಆಗುತ್ತಿರಲಿಲ್ಲ.

ಸಂಶೋಧನಾ ವಿಭಾಗ 2002ರಲ್ಲಿ ಖಾರ್ಘರ್‌ನ 60 ಎಕರೆ ಆವರಣಕ್ಕೆ ಬಂತು. ಆಕ್ಟ್ರೆಕ್ ಎಂದೇ ಅದು ಪರಿಚಿತ. 2021ರ ಜೂನ್ 4ರಂದು ಅಲ್ಲಿನ ಅಸ್ಥಿಮಜ್ಜೆ ಕಸಿ ಘಟಕದಲ್ಲಿ, ಐಐಟಿ ಬಾಂಬೆಯ ರಾಹುಲ್ ಪುರ್ವಾರ್ ತಂಡ ರೂಪಿಸಿದ ಸಿಎಆರ್-ಟಿ ಚಿಕಿತ್ಸೆಯನ್ನು ಭಾರತದಲ್ಲಿ ಮೊದಲ ಬಾರಿಗೆ ನೀಡಲಾಯಿತು. ರೋಗಿಯ ರಕ್ತದಿಂದ ಟಿ-ಕೋಶಗಳನ್ನು ತೆಗೆದು, ಕ್ಯಾನ್ಸರ್ ಕೋಶವನ್ನು ಗುರುತಿಸುವಂತೆ ಅವುಗಳ ವಂಶವಾಹಿಯನ್ನು ತಿದ್ದಿ, ಮತ್ತೆ ದೇಹಕ್ಕೆ ಸೇರಿಸುವ ವಿಧಾನವಿದು. ಮಾನವರ ಮೇಲಿನ ಮೊದಲ ಪರೀಕ್ಷೆಗೆ ಸಾರ್ವಜನಿಕ ಸಂಸ್ಥೆಯಾದ ಬೈರಾಕ್ 19.15 ಕೋಟಿ ರೂಪಾಯಿ ಮಂಜೂರು ಮಾಡಿತ್ತು. 2023ರ ಅಕ್ಟೋಬರ್‌ನಲ್ಲಿ ನೆಕ್ಸ್‌ಕಾರ್19 ಎಂಬ ಹೆಸರಿನಲ್ಲಿ ಈ ಚಿಕಿತ್ಸೆಗೆ ಅನುಮತಿ ಸಿಕ್ಕಿತು. ಮೆಹರ್‌ಬಾಯಿಯನ್ನು ಕೊಂಡೊಯ್ದ ರೋಗದ ಕೆಲವು ಬಗೆಗಳೂ ಈಗ ಈ ಚಿಕಿತ್ಸೆಯ ವ್ಯಾಪ್ತಿಯಲ್ಲಿವೆ. ಬೆಲೆ ಅಮೆರಿಕದ್ದಕ್ಕಿಂತ ಎಷ್ಟೋ ಕಡಿಮೆ. ಆದರೂ ಲಕ್ಷಾಂತರ ರೂಪಾಯಿಯ ಆ ಮೊತ್ತ ತುರ್ಭೆಯ ಮಾರುಕಟ್ಟೆಯಲ್ಲಿ ಮೂಟೆ ಹೊರುವವನ ಕೈಗೆಟುಕುವಂಥದ್ದಲ್ಲ.

ಈ ನಡುವೆ ದೇಣಿಗೆಯ ಕಾನೂನೂ ಬದಲಾಗಿದೆ. 2013ರ ಕಂಪನಿ ಕಾಯಿದೆಯ 135ನೆಯ ಕಲಮಿನ ಪ್ರಕಾರ, ನಿಗದಿತ ಮಟ್ಟ ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜಕ್ಕಾಗಿ ವ್ಯಯಿಸಬೇಕು. 2019ರ ತಿದ್ದುಪಡಿ, ಅಣುಶಕ್ತಿ ಇಲಾಖೆಯಂಥವುಗಳ ಅಧೀನದ ಸ್ವಾಯತ್ತ ಸಂಶೋಧನಾ ಸಂಸ್ಥೆಗಳಿಗೆ ಕೊಡುವ ಹಣವನ್ನೂ ಈ ಲೆಕ್ಕಕ್ಕೆ ಸೇರಿಸಿತು. ಹೀಗೆ ತುರ್ಭೆಯ ಕೈಗಾರಿಕಾ ಪ್ರದೇಶದ ಕಂಪನಿಗೂ ಖಾರ್ಘರ್‌ನ ಪ್ರಯೋಗಾಲಯಕ್ಕೂ ನೇರ ದಾರಿ ತೆರೆದಿದೆ. ಕಟ್ಟಡಕ್ಕೂ ಯಂತ್ರಕ್ಕೂ ದಾನಿಯ ಹೆಸರು ಕೆತ್ತಬಹುದು. ಯುವ ಸಂಶೋಧಕಿಯ ಮೂರು ವರ್ಷದ ಸಂಬಳಕ್ಕೆ ಹಾಗೆ ಕೆತ್ತಲಾಗದು, ಆದರೆ ಆರಂಭದ ಸಂಶೋಧನೆಗೆ ಹೆಚ್ಚು ಬೇಕಾದದ್ದು ಆ ಸಂಬಳವೇ. ಇದಕ್ಕೆ ಅಡ್ಡವಾಗಿದ್ದ ಒಂದು ತೊಡಕನ್ನು 2021ರ ನಿಯಮಗಳು ಸಡಿಲಿಸಿವೆ: ಮುಂದುವರಿಯುವ ಯೋಜನೆ ಎಂದು ಗುರುತಿಸಿದರೆ, ಹಣವನ್ನು ಆರಂಭದ ವರ್ಷವಲ್ಲದೆ ಇನ್ನೂ ಮೂರು ಆರ್ಥಿಕ ವರ್ಷಗಳವರೆಗೆ ಬಳಸಬಹುದು.