ಬಯಲಿನಲ್ಲೊಂದು ಆಸನ

ಮನೆ ಕಟ್ಟಿಸುವವರು ನಡುಮನೆಯ ಕುರ್ಚಿ ಮೇಜುಗಳಿಗಾಗಿ ತಿಂಗಳುಗಟ್ಟಲೆ ಯೋಚಿಸುತ್ತಾರೆ. ಹೊರಗೆ ಕೂರುವುದಕ್ಕೆ ಏನು ಎಂಬ ಪ್ರಶ್ನೆ ಮಾತ್ರ ಗೃಹಪ್ರವೇಶ ಕಳೆದ ಮೇಲೆ ಏಳುತ್ತದೆ. ಅಂಗಳದಲ್ಲಿ ನಾಲ್ಕು ಹೂಗಿಡ ಬೆಳೆದಿವೆ, ಸಂಜೆಯ ಗಾಳಿ ಹಿತವಾಗಿದೆ, ಒಂದು ಬೆಂಚು ಇದ್ದರೆ ಚೆನ್ನಲ್ಲವೆ ಎನ್ನಿಸುತ್ತದೆ. ಅಂಗಡಿಯಲ್ಲಿ ಕಣ್ಣಿಗೆ ಚೆಂದ ಕಂಡದ್ದು ಮನೆಗೆ ಬರುತ್ತದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅದರ ಕಾಲು ಗೆದ್ದಲಿನ ಪಾಲು, ಬೆನ್ನು ಬಿಸಿಲಿನ ಪಾಲು. ಬಿಸಿಲು, ಮಳೆ, ಮನುಷ್ಯನ ಬೆನ್ನು, ಈ ಮೂರನ್ನೂ ಒಟ್ಟಿಗೆ ಲೆಕ್ಕಕ್ಕೆ ಹಿಡಿದು ಆಸನ ಕಟ್ಟಿದವರು ನಮ್ಮ ನಾಡಿನಲ್ಲಿ ಸಾವಿರ ವರ್ಷಗಳ ಹಿಂದೆಯೇ ಇದ್ದರು. ಅವರ ಕೆಲಸ ಇನ್ನೂ ನಿಂತಿದೆ. ಹೋಗಿ ಕುಳಿತೇ ನೋಡಬಹುದು.

ಕೊಪ್ಪಳ ಜಿಲ್ಲೆಯ ಇಟಗಿಯಲ್ಲಿ ಮಹಾದೇವ ದೇವಾಲಯವಿದೆ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ಕಟ್ಟಿಸಿದ್ದು. ಅದರ ತೆರೆದ ಮಂಟಪಕ್ಕೆ ಹೋದವರು ಸಾಮಾನ್ಯವಾಗಿ ಕಂಬಗಳನ್ನು ನೋಡಿ ಬೆರಗಾಗಿ ಬರುತ್ತಾರೆ. ನೀವು ಹೋದಾಗ ಒಂದು ಗಳಿಗೆ ಮಂಟಪದ ಅಂಚನ್ನು ಗಮನಿಸಿ. ಅಂಚಿನುದ್ದಕ್ಕೂ ಕಲ್ಲಿನ ಪೀಠ. ಪೀಠದ ಹಿಂದೆ ಹೊರಮುಖವಾಗಿ ತುಸು ವಾಲಿದ ಕಲ್ಲು. ಇದಕ್ಕೆ ಕಕ್ಷಾಸನವೆಂದು ಹೆಸರು. ಐಹೊಳೆಯ ಲಾಡ್‌ಖಾನ್ ಗುಡಿಯ ಮುಖಮಂಟಪದಲ್ಲಿಯೇ ಇದರ ಹಳೆಯ ರೂಪವನ್ನು ಕಾಣಬಹುದು. ಆ ವಾಲಿಕೆಯಲ್ಲಿಯೇ ಇದರ ಜಾಣ್ಮೆಯೆಲ್ಲ ಅಡಗಿದೆ. ನೆಟ್ಟಗೆ ನಿಂತ ಹಲಗೆಗೆ ಒರಗಿದವನು ಅರ್ಧ ಗಂಟೆಯಲ್ಲಿ ಮಿಸುಕಾಡತೊಡಗುತ್ತಾನೆ. ವಾಲಿದ ಕಲ್ಲಾದರೆ ಮೈಭಾರವನ್ನು ತಾನೇ ಹೊರುತ್ತದೆ. ಮೇಲೆ ಮುಂಚಾಚಿದ ಲೋವೆ ಬಿಸಿಲನ್ನೂ ಇರಚಲನ್ನೂ ತಡೆಯುತ್ತದೆ. ತರೀಕೆರೆಯ ಬಳಿ ಅಮೃತಪುರದಲ್ಲಿ, 1196ರ ಹೊಯ್ಸಳ ಗುಡಿಯಲ್ಲಿ, ಇಂಥದೇ ತೆರೆದ ಮಂಟಪದ ಗಿಡ್ಡಗೋಡೆಯ ಹೊರಮೈ ತುಂಬ ರಾಮಾಯಣ, ಭಾರತ, ಭಾಗವತಗಳ ಕಥೆ. ಒಳಗಿದ್ದವನಿಗೆ ನೆರಳು, ಹೊರಗೆ ಸುತ್ತು ಬರುವವನಿಗೆ ಪುರಾಣ!

ಗುಡಿಯ ಮಂಟಪಕ್ಕೆ ಊರೊಳಗಿನ ನೆಂಟ ಎಂದರೆ ಮನೆಯ ಜಗಲಿ ಮತ್ತು ಅರಳಿಯ ಕಟ್ಟೆ. ಇವುಗಳ ಬಗೆಗೆ ಹಳಬರು ಹೇಳಿದ್ದೇ ಹೇಳಿದ್ದು: ದಾರಿಹೋಕನಿಗೆ ತಂಪು, ನೀರು, ಬೆಲ್ಲ, ನಾಲ್ಕು ಮಾತು. ಅದು ನಿಜ. ಆದರೆ ಆ ಜಗಲಿ ಎಲ್ಲ ದಾರಿಹೋಕರಿಗೂ ಆಗಿರಲಿಲ್ಲ ಎಂಬುದೂ ಅಷ್ಟೇ ನಿಜ. ಅಸ್ಪೃಶ್ಯರೆಂದು ದೂರವಿಟ್ಟ ಜನ ಅದೇ ಬಿಸಿಲಲ್ಲಿ ನಡೆದು ಬಂದು, ಅದೇ ಕಟ್ಟೆಯ ಮುಂದೆ ನಿಂತೇ ಇರಬೇಕಾಗಿತ್ತು. ಮಂಟಪದ ಕಕ್ಷಾಸನ ಎಷ್ಟು ಸುಖವಾಗಿತ್ತೆಂಬುದನ್ನು ಅವರು ತಿಳಿಯುವ ಸಂಭವವೇ ಇರಲಿಲ್ಲ. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನ ತನ್ನ 15ನೆಯ ವಿಧಿಯಲ್ಲಿ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳ ಜೊತೆಗೆ ಸರ್ಕಾರದ ಹಣದಿಂದ ನಡೆಯುವ, ಸಾರ್ವಜನಿಕರು ಸೇರುವ ತಾಣಗಳನ್ನೂ ಹೆಸರಿಸಿ, ಅಲ್ಲಿ ಜಾತಿಯ ಕಾರಣಕ್ಕೆ ಯಾರನ್ನೂ ತಡೆಯಕೂಡದೆಂದಿತು. ಊರ ಉದ್ಯಾನದ ಬೆಂಚೂ ಆ ಮಾತಿನೊಳಗೇ ಬಂತು. ನೀನು ಯಾರು ಎಂದು ಕೇಳದ ಆಸನವೆಂದರೆ ಇದು. ಜಗಲಿಯನ್ನು ನೆನೆದು ನಿಟ್ಟುಸಿರು ಬಿಡುವಾಗ ಇದನ್ನೂ ನೆನೆಯುವುದು ನ್ಯಾಯ. ಈಗೀಗ ಕೆಲವು ನಗರಗಳಲ್ಲಿ ಯಾರೂ ಮಲಗಬಾರದೆಂದು ಬೆಂಚಿನ ನಡುವೆ ಕಬ್ಬಿಣದ ಕೈ ಕೂರಿಸುವುದುಂಟು. ದಣಿದವನ ಮೇಲೆ ಆ ಜಾಣತನ ಏತಕ್ಕೋ.

ಎರಕದ ಕಬ್ಬಿಣದ ಕಾಲು, ಮರದ ಪಟ್ಟಿಗಳ ಬೆಂಚು ನಮ್ಮಲ್ಲಿಗೆ ಇಂಗ್ಲಿಷರ ಜೊತೆಗೆ ಬಂದದ್ದು. ಬೆಂಗಳೂರಿನ ಕಬ್ಬನ್ ಪಾರ್ಕು ಏರ್ಪಟ್ಟದ್ದು 1870ರಲ್ಲಿ. ಪಟ್ಟಿಗಳ ನಡುವೆ ಸಂದು ಇರುವುದರಿಂದ ನೀರು ನಿಲ್ಲುವುದಿಲ್ಲ, ಅದು ಒಳ್ಳೆಯ ಗುಣ. ಮರ ತೇಗದ್ದಾಗಿರಬೇಕು, ಅದರಲ್ಲೂ ಒಳಗಿನ ಚೇಗು. ತೇಗದ ಚೇಗಿನಲ್ಲಿ ಸಹಜವಾದ ಎಣ್ಣೆಯ ಅಂಶವಿರುವುದರಿಂದ ಗೆದ್ದಲು ಸುಲಭವಾಗಿ ಬಾಯಿ ಹಾಕುವುದಿಲ್ಲ. ಹೊರಪದರದ ಬಿಳಿಮರಕ್ಕೆ ಆ ಶಕ್ತಿಯಿಲ್ಲ, ಬಣ್ಣ ಬಳಿದರೆ ಎರಡೂ ಒಂದೇ ರೀತಿ ಕಾಣುತ್ತವೆ! ಕರಾವಳಿಯವರು ಕಬ್ಬಿಣವನ್ನು ನಂಬದಿರುವುದೇ ಮೇಲು. ಉಪ್ಪುಗಾಳಿ ಅದನ್ನು ಉಳಿಸುವುದಿಲ್ಲ.

ಹಳೆಯ ಮೈಸೂರು ಸೀಮೆಯವರಿಗೆ ಇದಕ್ಕಿಂತ ಹತ್ತಿರದ ಉತ್ತರ ಕಾಲ ಕೆಳಗೇ ಇತ್ತು. ಬೆಂಗಳೂರಿನ ಸುತ್ತಣ ಬಂಡೆ ನೂರಾರು ಅಡಿ ಬಿರುಕೇ ಇಲ್ಲದೆ ಹಬ್ಬಿರುವಂಥದು. ಅದನ್ನು ಒಡ್ಡರು ಬೆಂಕಿಯಿಂದ ಸೀಳುತ್ತಿದ್ದ ರೀತಿಯನ್ನು ಎಚ್. ವಾರ್ತ್ ಎಂಬವರು 1895ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವಿವರಿಸಿದರು. ಬಂಡೆಯ ಮೇಲೆ ಒಣಕಟ್ಟಿಗೆಯ ಸಣ್ಣ ಸಾಲೊಂದನ್ನು ಹೊತ್ತಿಸುವುದು. ಕಾವಿಗೆ ಮೇಲಿನ ಪದರ ಹಿಗ್ಗಿ ತಳದಿಂದ ಬಿಡುತ್ತದೆ. ಬಿಟ್ಟಿತೋ ಇಲ್ಲವೋ ಎಂಬುದನ್ನು ಸುತ್ತಿಗೆಯಿಂದ ತಟ್ಟಿ, ಸದ್ದಿನಿಂದ ತಿಳಿಯುವುದು. ಬಿಟ್ಟಿತೆಂದರೆ ಉರಿಯುವ ಕೊಳ್ಳಿಗಳನ್ನು ಕೆಲವು ಅಂಗುಲ ಮುಂದಕ್ಕೆ ತಳ್ಳುವುದು, ಮತ್ತೆ ತಟ್ಟುವುದು. ಹೀಗೆ ಬೆಂಕಿಯ ಸಾಲು ಬಂಡೆಯ ಮೇಲೆ ತೆವಳಿಕೊಂಡು ಹೋಗುತ್ತದೆ. ಅವರು ಕಂಡ ಒಂದು ಸೀಳಿನಲ್ಲಿ ಸುಮಾರು 5 ಅಂಗುಲ ದಪ್ಪದ, 740 ಚದರ ಅಡಿಯ ಒಂದೇ ಹಾಳೆ ಎದ್ದಿತು. ಖರ್ಚಾದ ಸೌದೆ ಸುಮಾರು ಮುಕ್ಕಾಲು ಟನ್ನು. ಅಂದರೆ ಒಂದು ಪೌಂಡು ಸೌದೆಗೆ 30 ಪೌಂಡು ಕಲ್ಲು! ಸಿಡಿಮದ್ದಿಲ್ಲ, ಯಂತ್ರವಿಲ್ಲ; ಕಿವಿ ಮತ್ತು ತಾಳ್ಮೆ. ಹೀಗೆ ಎದ್ದ ಹಾಳೆಗಳನ್ನು ಸೀಳಿ ಪಟ್ಟಿಗಳನ್ನಾಗಿ ಮಾಡುತ್ತಿದ್ದರು. ಬೇಲಿಯ ಕಂಬ, ಮಾಳಿಗೆಯ ಚಪ್ಪಡಿ, ಬಾವಿಯ ದಂಡೆ, ಎರಡು ಕಲ್ಲಿನ ಮೇಲೆ ಅಡ್ಡಲಾಗಿಟ್ಟ ಬೆಂಚು, ಎಲ್ಲಕ್ಕೂ ಇಂಥ ಕಲ್ಲೇ ಒದಗಿತು. ಚಕ್ರವರ್ತಿಯ ಗುಡಿಗೆ ಶಿಲ್ಪಿಯ ಹೆಸರನ್ನು ಹುಡುಕುವ ನಾವು ಈ ಬಂಡೆ ಸೀಳಿದವರ ಹೆಸರು ಒಂದನ್ನೂ ಉಳಿಸಿಕೊಂಡಿಲ್ಲ.

ಈಗ ನಿಮ್ಮ ಅಂಗಳದ ಮಾತು. ಕಲ್ಲು ಹಗಲಿನ ಕಾವನ್ನು ಹಿಡಿದಿಟ್ಟುಕೊಂಡು ನಿಧಾನವಾಗಿ ಬಿಡುತ್ತದೆ. ಆದ್ದರಿಂದ ಸಂಜೆ ಕೂರುವ ಬೆಂಚು ಮನೆಯ ಪೂರ್ವಕ್ಕಿರಲಿ. ಮಧ್ಯಾಹ್ನದ ಮೇಲೆ ಮನೆಯ ನೆರಳೇ ಅದರ ಮೇಲೆ ಬೀಳುತ್ತದೆ. ಎತ್ತರ ಒಂದು ಮೊಳ, ಎಂದರೆ ಹದಿನೆಂಟು ಅಂಗುಲ. ವಯಸ್ಸಾದವರಿಗೆ ಏಳುವುದು ಸುಲಭ. ನುಣುಪು ಮಾಡಿ ಹೊಳಪು ಕೊಟ್ಟ ಕಲ್ಲು ಮಳೆಯಲ್ಲಿ ಜಾರುತ್ತದೆ. ಉಳಿಯಿಂದ ಸಮಮಾಡಿದ್ದು ಸಾಕು. ಬರಿಯ ಕಲ್ಲಿನ ಮೇಲೆ ಹೆಚ್ಚು ಹೊತ್ತು ಕೂರಲಾರದವರು ಬೆನ್ನಿಗೆ ತೇಗದ ಪಟ್ಟಿಗಳನ್ನು, ಇಟಗಿಯ ಕಲ್ಲಿನಂತೆ ತುಸು ಹಿಂದಕ್ಕೆ ವಾಲಿಸಿ, ಹಾಕಿಸಿಕೊಳ್ಳಬಹುದು. ಪೂರ್ತಿ ಮರದ್ದೇ ಬೇಕೆನ್ನುವವರು ಅದರ ಕಾಲುಗಳನ್ನು ಮಣ್ಣಿನಲ್ಲಿ ಹೂಳದೆ ಚಪ್ಪಡಿಯ ಮೇಲೆ ನಿಲ್ಲಿಸಲಿ. ಚಪ್ಪಡಿಯನ್ನು ಕೊಳ್ಳುವ ಮುಂಚೆ ಅದನ್ನು ನೆಲದಿಂದ ಸ್ವಲ್ಪ ಎತ್ತಿರಿಸಿ, ಸುತ್ತಿಗೆಯಿಂದ ಮೆಲ್ಲಗೆ ತುದಿಯಿಂದ ತುದಿಗೆ ತಟ್ಟುತ್ತ ಹೋಗಿ. ಗಟ್ಟಿ ಕಲ್ಲಾದರೆ ಗಂಟೆಯಂತೆ ನಾದ ಕೊಡುತ್ತದೆ. ಎಲ್ಲಿ ಸದ್ದು ಬೊದ್ದಾಗಿ ಕೇಳುತ್ತದೋ ಅಲ್ಲಿ ಒಳಗೆ ಬಿರುಕಿದೆಯೆಂದು ತಿಳಿದು ಬೇರೆ ಕಲ್ಲನ್ನು ನೋಡಿ.