ಗಾಂಜಾಕ್ಕೆ ಪರವಾನಗಿ ಮತ್ತು ತೆರಿಗೆ: ಧಾರವಾಡ ಸೀಮೆ ಈಗಾಗಲೇ ಕಂಡದ್ದು

ಮಾದಕ ವಸ್ತುಗಳನ್ನು ನಿಷೇಧಿಸುವ ಬದಲು ಪರವಾನಗಿ ಕೊಟ್ಟು ಮಾರಿಸಿ, ತೆರಿಗೆ ಪಡೆಯುವುದು ಲೇಸು ಎಂಬ ವಾದ ಹೊರದೇಶದಿಂದ ಬಂದದ್ದೆಂದು ಅನೇಕರು ತಿಳಿದಿದ್ದಾರೆ. ಉರುಗ್ವೆ 2013ರಲ್ಲಿ, ಕೆನಡಾ 2018ರಲ್ಲಿ ಗಾಂಜಾವನ್ನು ಕಾನೂನುಬದ್ಧಗೊಳಿಸಿದವು. ಆದರೆ ನವಲಗುಂದ, ಅಣ್ಣಿಗೇರಿ, ಕಲಘಟಗಿಯ ನಮ್ಮ ಮುತ್ತಜ್ಜಂದಿರ ಕಾಲಕ್ಕೆ ಈ ಪದ್ಧತಿ ಇಲ್ಲೇ ಜಾರಿಯಲ್ಲಿತ್ತು.

ಆಗ ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು (ಕುಂದಗೋಳ ಮಾತ್ರ ಜಮಖಂಡಿ ಸಂಸ್ಥಾನದ್ದು). 1878ರ ಮುಂಬಯಿ ಅಬಕಾರಿ ಕಾಯ್ದೆ ಸಾರಾಯಿಯ ಜೊತೆಗೆ ಗಾಂಜಾ, ಭಂಗಿಯ ಮಾರಾಟವನ್ನೂ ಪರವಾನಗಿಗೆ ಒಳಪಡಿಸಿತ್ತು. ಅಫೀಮಿಗೆ ಅದೇ ವರ್ಷ ಪ್ರತ್ಯೇಕ ಕಾಯ್ದೆ ಬಂತು. 1893–94ರಲ್ಲಿ ಏಳು ಸದಸ್ಯರ ಆಯೋಗವೊಂದು ದೇಶವಿಡೀ ಸುತ್ತಿ ಗಾಂಜಾದ ವಿಚಾರಣೆ ನಡೆಸಿತು. ಮಿತವಾದ ಬಳಕೆಯಿಂದ ದೊಡ್ಡ ಹಾನಿಯಿಲ್ಲ, ಪೂರ್ಣ ನಿಷೇಧ ಬೇಡ, ತೆರಿಗೆ ಮತ್ತು ಪರವಾನಗಿಯಿಂದ ಹದ್ದಿನಲ್ಲಿಡಿ ಎಂದು ಬಹುಮತದ ಅಭಿಪ್ರಾಯ. ಇಬ್ಬರು ಭಾರತೀಯ ಸದಸ್ಯರು ಇದಕ್ಕೆ ಒಪ್ಪದೆ ಭಿನ್ನಮತ ಬರೆದರು. ಇಂದಿನ ಟಿವಿ ಚರ್ಚೆಗಳಲ್ಲಿ ಕೇಳುವ ಎರಡೂ ಪಕ್ಷದ ಮಾತು ಆ ವರದಿಯಲ್ಲೇ ಇದೆ.

ಸ್ವಾತಂತ್ರ್ಯ ಬಂದ ಮೇಲೆ ಗಾಳಿ ತಿರುಗಿತು. ಸಂವಿಧಾನದ 47ನೇ ವಿಧಿ ಮಾದಕ ಪೇಯ, ಮಾದಕ ಪದಾರ್ಥಗಳ ನಿಷೇಧಕ್ಕೆ ಯತ್ನಿಸುವಂತೆ ಸರ್ಕಾರಕ್ಕೆ ಹೇಳಿತು. 1949ರ ಮುಂಬಯಿ ಪಾನನಿಷೇಧ ಕಾಯ್ದೆ ಧಾರವಾಡಕ್ಕೂ ಅನ್ವಯಿಸಿತು. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1967ರಲ್ಲಿ ಪಾನನಿಷೇಧ ತೆರವಾಯಿತು. ಮುಂದೆ 2007ರ ಜುಲೈ 1ರಿಂದ ಸಾರಾಯಿ ಮಾತ್ರ ಬಂದ್ ಆಯಿತು.

ಇವುಗಳಿಂದ ಏನು ತಿಳಿಯುತ್ತದೆ? ಪರವಾನಗಿ ಇದ್ದರೆ ಕಳ್ಳಭಟ್ಟಿ ತಾನಾಗಿ ನಿಲ್ಲುತ್ತದೆ ಎನ್ನುವವರು 1981ರ ಬೆಂಗಳೂರನ್ನು ನೆನೆಯಬೇಕು. ಆಗ ಸಾರಾಯಿ ಅಂಗಡಿಗಳು ಅಧಿಕೃತವಾಗಿಯೇ ಇದ್ದವು. ಆದರೂ ವಿಷಮದ್ಯಕ್ಕೆ 300ಕ್ಕೂ ಹೆಚ್ಚು ಜನ ಬಲಿಯಾದರು. ನಿಷೇಧಿಸಿದರೆ ಸಾಕು ಎನ್ನುವವರಿಗೆ 2008ರ ಉದಾಹರಣೆ ಇದೆ. ಸಾರಾಯಿ ನಿಂತ ವರ್ಷದೊಳಗೇ ಕರ್ನಾಟಕ–ತಮಿಳುನಾಡು ಗಡಿಭಾಗದಲ್ಲಿ ಕಳ್ಳಭಟ್ಟಿ ಕುಡಿದು 100ಕ್ಕೂ ಹೆಚ್ಚು ಮಂದಿ ಸತ್ತರು. ಎರಡೂ ಸಲ ಸತ್ತವರಲ್ಲಿ ಕೂಲಿ ಮಾಡುವವರೇ ಹೆಚ್ಚು.

ತೆರಿಗೆಯ ಮಾತಿನಲ್ಲಿ ಇನ್ನೊಂದು ತೊಡಕಿದೆ. 2025–26ರ ಬಜೆಟ್‌ನಲ್ಲಿ ರಾಜ್ಯ ಸರ್ಕಾರ ಅಬಕಾರಿಯಿಂದ 40,000 ಕೋಟಿ ರೂಪಾಯಿ ನಿರೀಕ್ಷಿಸಿದೆ. ಇಷ್ಟು ಆದಾಯ ತರುವ ಬಾಬತ್ತನ್ನು ಯಾವ ಸರ್ಕಾರ ತಾನಾಗಿ ಕಡಿಮೆ ಮಾಡೀತು? ಗಾಂಜಾವೂ ಆ ಪಟ್ಟಿಗೆ ಸೇರಿದರೆ ಅದರದೂ ಇದೇ ಕಥೆಯಾದೀತು ಎಂಬುದು ನಮ್ಮ ಅನಿಸಿಕೆ. ಆದರೆ ಸಿಗರೇಟಿನಲ್ಲಿ ಗಾಂಜಾ ತುಂಬಿಕೊಂಡ ಹುಡುಗನನ್ನು ಜೈಲಿಗೆ ಕಳಿಸಿ ಅವನ ಓದು ಕೆಡಿಸುವುದೂ ಪರಿಹಾರವಲ್ಲ.

ಇಂದಿನ ಕಾನೂನು ಈ ಅಂತರವನ್ನು ಸ್ವಲ್ಪಮಟ್ಟಿಗೆ ಗುರುತಿಸುತ್ತದೆ. 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಗಾಂಜಾ ಎಂದರೆ ಗಿಡದ ಹೂಬಿಟ್ಟ ತುದಿ; ತುದಿಯಿಂದ ಬೇರ್ಪಟ್ಟ ಎಲೆ, ಬೀಜ ಅದರೊಳಗೆ ಬರುವುದಿಲ್ಲ. 1 ಕೆಜಿವರೆಗೆ ಅಲ್ಪ ಪ್ರಮಾಣ, ಶಿಕ್ಷೆ ಗರಿಷ್ಠ 1 ವರ್ಷ. 20 ಕೆಜಿ ಮೀರಿದರೆ ವಾಣಿಜ್ಯ ಪ್ರಮಾಣ, ಕನಿಷ್ಠ 10 ವರ್ಷ. ಮನೆಯವರು ತಿಳಿದಿರಲೇಬೇಕಾದದ್ದು 64ಎ ಕಲಂ. ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಕ್ಕ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಮುಂದಾದರೆ ವಿಚಾರಣೆಯಿಂದ ರಕ್ಷಣೆ ಸಿಗುತ್ತದೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಅದು ರದ್ದಾಗಬಹುದು. ಮಾನ ಹೋದೀತೆಂದು ಮುಚ್ಚಿಡುವ ಮನೆಗಳೇ ಈ ಅವಕಾಶ ಕಳೆದುಕೊಳ್ಳುತ್ತವೆ. ನಮ್ಮ ಜಿಲ್ಲೆಯವರಿಗೆ ಧಾರವಾಡದ ಡಿಮ್ಹಾನ್ಸ್ ಹತ್ತಿರವಿದೆ. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446.

ಮದ್ಯತ್ಯಾಗ ಶ್ರಾವಕರ ಮೂಲಗುಣಗಳಲ್ಲೇ ಇದೆ, ಅದು ಎಲ್ಲರಿಗೂ ಗೊತ್ತು. ಆದರೆ ಶ್ರಾವಕಾಚಾರ ಸೇವನೆಯನ್ನಷ್ಟೇ ಅಲ್ಲ, ವಿಷವಾಣಿಜ್ಯವನ್ನೂ ಬಿಡಲು ಹೇಳುತ್ತದೆ. ನಾಳೆ ಗಾಂಜಾ ಮಾರಾಟಕ್ಕೆ ಸರ್ಕಾರವೇ ಲೈಸೆನ್ಸ್ ಕೊಟ್ಟರೂ ನಮ್ಮವರಿಗೆ ಆ ನಿಯಮ ಬದಲಾಗುವುದಿಲ್ಲ. ಇಂದಿಗಂತೂ ಮೆಡಿಕಲ್ ಅಂಗಡಿ ಇಟ್ಟವರು ಗಮನಿಸಬೇಕಾದದ್ದು ಬೇರೆ: ಟ್ರಮಡಾಲ್, ಅಲ್ಪ್ರಜೋಲಾಮ್‌ನಂಥ ಎಚ್1 ಪಟ್ಟಿಯ ಮಾತ್ರೆಗಳನ್ನು ವೈದ್ಯರ ಚೀಟಿಯಿಲ್ಲದೆ ಕೊಡುವಂತಿಲ್ಲ. ವೈದ್ಯರ, ರೋಗಿಯ ಹೆಸರು ಬರೆದ ಪ್ರತ್ಯೇಕ ರಿಜಿಸ್ಟರನ್ನು 3 ವರ್ಷ ಇಟ್ಟುಕೊಳ್ಳಬೇಕು.